ಸಂಡರ್‌ಲ್ಯಾಂಡಿನ ಹೊಸ ನಟ

ಇಂಗ್ಲೆಂಡಿನ ನಟವರ್ಗದಲ್ಲಿ ಮೊತ್ತಮೊದಲು ನೈಟ್ ಪದವಿ ಪಡೆದವನು ಹೆನ್ರಿ ಇರ್ವಿಂಗ್ (1838–1905). ಆದರೆ 1895ರ ಆ ಮರ್ಯಾದೆಗಿಂತ 1856ರ ಅವನ ದಿನಗಳೇ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುತ್ತವೆ. ಆಗಿನ್ನೂ ಅವನು ಜಾನ್ ಬ್ರಾಡ್‌ರಿಬ್. ಹದಿನೆಂಟರ ಹರೆಯದ ಲಂಡನ್ ಗುಮಾಸ್ತ. ತಾಯಿ ಕಟ್ಟಾ ಮೆಥಡಿಸ್ಟ್ ಪಂಥದವಳು. ಮಗ ರಂಗವನ್ನೇರುವುದು ಆಕೆಗೆ ಸರ್ವಥಾ ಸಮ್ಮತವಿರಲಿಲ್ಲ. ಬಂಧುವೊಬ್ಬನಿಂದ ಬಂದ ನೂರು ಪೌಂಡನ್ನು ಹುಡುಗ ಟೋಪನ್, ಕತ್ತಿ, ಆಭರಣಗಳಿಗೆ ಸುರಿದು, ಹೆಸರನ್ನೂ ಬದಲಿಸಿಕೊಂಡು, ಉತ್ತರದ ಬಂದರೂರಾದ ಸಂಡರ್‌ಲ್ಯಾಂಡಿನ ನಾಟಕಮಂಡಲಿಯನ್ನು ಸೇರಿದ. (ಆ ಕಾಲದ ನಟ ತನ್ನ ಸಾಮಗ್ರಿಯನ್ನು ತಾನೇ ಹೊಂದಿಸಿಕೊಳ್ಳಬೇಕಾಗಿತ್ತು.)

ಸೆಪ್ಟೆಂಬರ್ 29ರಂದು ಮೊದಲ ಪಾತ್ರ. ಸ್ವಲ್ಪ ಕಾಲದಲ್ಲೇ ಷೇಕ್ಸ್‌ಪಿಯರನ ‘ವಿಂಟರ್ಸ್ ಟೇಲ್’ನಲ್ಲಿ ಮಾತು ಮರೆತು, ಪ್ರೇಕ್ಷಕರ ಮೂದಲಿಕೆಯ ನಡುವೆ ರಂಗದಿಂದ ಹೊರಬಿದ್ದ. ಊರಿನ ವಿಮರ್ಶಕನೊಬ್ಬ ಮನೆಗೆ ಮರಳುವಂತೆ ಬುದ್ಧಿ ಹೇಳಿದ. ಯಾವ ಮುಖವಿಟ್ಟುಕೊಂಡು ಮರಳಬೇಕು? ಮಂಡಲಿಯ ಹಾಸ್ಯನಟ ಸ್ಯಾಮ್ ಜಾನ್ಸನ್ ಅವನಿಗೆ ಧೈರ್ಯ ತುಂಬಿದ.

ಬಳಿಕ ಎಡಿನ್‌ಬರೋ: ಹಗಲೆಲ್ಲ ಕಂಠಪಾಠ, ರಾತ್ರಿ ಬಣ್ಣ, ನೂರಾರು ಪಾತ್ರಗಳು. ಹೀಗೆ ಹದಿನೈದು ವರ್ಷ ಸವೆದ ಮೇಲೆ, 1871ರಲ್ಲಿ, ‘ದಿ ಬೆಲ್ಸ್’ ನಾಟಕದಿಂದ ಲಂಡನ್ ನಗರ ಅವನಿಗೆ ಒಲಿಯಿತು. 1878ರಲ್ಲಿ ಲೈಸಿಯಂ ರಂಗಮಂದಿರದ ಆಡಳಿತ ಅವನ ಕೈಗೆ ಬಂದಿತು. ಅಲ್ಲಿ ಅವನು ಕಟ್ಟಿದ ನಟಮಂಡಲಿಯಲ್ಲಿ ಸ್ಯಾಮ್ ಜಾನ್ಸನ್‌ಗೂ ಸ್ಥಾನವಿತ್ತು.