ಹೂವಿನ ಹದವರಿತ ಕ್ರುಂಬಿಗಲ್

ಬೆಂಗಳೂರಿನ ಲಾಲ್‌ಬಾಗಿನ ಬಳಿ ಕ್ರುಂಬಿಗಲ್ ರಸ್ತೆಯೆಂಬ ಫಲಕವನ್ನು ಓದಿದವರು ಹಲವರು. ಆ ಮಹನೀಯರ ಬಾಳನ್ನು ಅರಿತವರು ಕೆಲವರು. ನನ್ನಿವಾಳದ ಸೀಮೆಯ ಬಿಸಿಲನ್ನು ಬಲ್ಲ ನಮಗೆ ಆ ಬಾಳಿನಲ್ಲಿ ಕಲಿಯತಕ್ಕ ಪಾಠವೊಂದುಂಟು.

ಗುಸ್ಟಾವ್ ಹರ್ಮನ್ ಕ್ರುಂಬಿಗಲ್ಲರು 1865ರಲ್ಲಿ ಜರ್ಮನಿಯ ಡ್ರೆಸ್ಡನ್ ನಗರದ ಸಮೀಪದಲ್ಲಿ ಜನಿಸಿದರು. ತೋಟಗಾರಿಕೆಯನ್ನು ಕಲಿತು, 1888ರಲ್ಲಿ ಇಂಗ್ಲೆಂಡಿಗೆ ತೆರಳಿ, ಹೈಡ್ ಪಾರ್ಕಿನಲ್ಲಿಯೂ ಸುಪ್ರಸಿದ್ಧವಾದ ಕ್ಯೂ ಸಸ್ಯೋದ್ಯಾನದಲ್ಲಿಯೂ ದುಡಿದರು. 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದರು. 1908ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸಂಸ್ಥಾನದ ತೋಟಗಳ ಹೊಣೆ ಹೊತ್ತರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘವು ಸ್ಥಾಪನೆಯಾಯಿತು.

ಶೀತದೇಶದಲ್ಲಿ ಕಲಿತವರಾದರೂ ಅವರು ಶೀತದೇಶದ ಗಿಡಗಳಿಗೇ ಜೋತುಬೀಳಲಿಲ್ಲ. ಉಷ್ಣ ದೇಶಗಳ ಮರಗಳನ್ನು ತರಿಸಿ, ಒಂದು ಮುಗಿದೊಡನೆ ಮತ್ತೊಂದು ಅರಳುವಂತೆ ಬೀದಿಗಳಲ್ಲಿ ನೆಡಿಸಿದರು. ವರ್ಷವಿಡೀ ಒಂದಲ್ಲ ಒಂದು ಮರ ಹೂವಾಗಿ ನಿಲ್ಲುವ ಸೊಬಗು ಬೆಂಗಳೂರಿಗೆ ಬಂದುದು ಹೀಗೆ.

ಹವೆಯನ್ನು ನೋಡಿ ಗಿಡವನ್ನು ಆರಿಸುವುದು ಬರಿಯ ಅಂದದ ಮಾತಲ್ಲ. ಅಲಂಕಾರದ ಲಿಲ್ಲಿಯನ್ನೇ ನೋಡಿರಿ. ಅದರ ಅನೇಕ ಜಾತಿಗಳ ಗಡ್ಡೆಗೆ ಕೆಲವು ವಾರಗಳ ತಂಪು ದೊರೆತಲ್ಲದೆ ಹೂ ಸರಿಯಾಗಿ ಬಾರದು. ಮೊಗ್ಗಿನೊಳಗೆ ಪರಾಗ ರೂಪುಗೊಳ್ಳುವ ಸಮಯದಲ್ಲಿ ಉಷ್ಣಮಾನ ಮಿತಿಮೀರಿದರೆ ಕೋಶಗಳ ವಿಭಜನೆ ಕೆಡುತ್ತದೆ, ಪರಾಗವು ಜೊಳ್ಳಾಗುತ್ತದೆ. ಜೊಳ್ಳು ಪರಾಗದಿಂದ ನಾಳ ಬೆಳೆದು ಅಂಡವನ್ನು ತಲುಪಲಾರದು. ಹೂ ಅರಳಿ ನಗುತ್ತಿದ್ದರೂ ಬೀಜ ಕಟ್ಟುವುದಿಲ್ಲ. ಲಿಲ್ಲಿಗೆ ಗಡ್ಡೆಯಿಂದಲೂ ವಂಶ ಬೆಳೆಯುವುದರಿಂದ ತೋಟದವನಿಗೆ ನಷ್ಟ ಅಲ್ಪ. ಹೊಸ ತಳಿಯನ್ನು ಹುಟ್ಟಿಸಬಯಸುವವನಿಗೆ ಮಾತ್ರ ಕೈ ಬರಿದು.

ಆದರೆ ಚಳ್ಳಕೆರೆಯ ಹೊಲದ ಶೇಂಗಾಕ್ಕೆ ಈ ವಿನಾಯಿತಿ ಇಲ್ಲ. ಅಲ್ಲಿಯೂ ವಿಪರೀತ ಬಿಸಿಲು ಪರಾಗವನ್ನು ಕೆಡಿಸುತ್ತದೆ. ಫಲಿಸದ ಹೂ ನೆಲಕ್ಕಿಳಿದು ಕಾಯಾಗದು. ಲಿಲ್ಲಿಯ ಸೋಲು ಕುಂಡದಲ್ಲಿಯೇ ಮುಗಿದರೆ, ಶೇಂಗಾದ ಸೋಲು ರೈತನ ಮನೆಯ ಒಲೆಯವರೆಗೆ ಬರುತ್ತದೆ. ಭೂಮಿಯ ಉಷ್ಣತೆ ಏರುತ್ತಿರುವ ಈ ಕಾಲದಲ್ಲಿ ಬಿಸಿಲು ತಾಳುವ ತಳಿಯನ್ನು ಆರಿಸುವುದೂ, ಹೂವಿನ ಕಾಲಕ್ಕೆ ಕಡುಬಿಸಿಲು ತಗಲದಂತೆ ಬಿತ್ತನೆಯನ್ನು ಹೊಂದಿಸುವುದೂ ಅನಿವಾರ್ಯ.

ಮಹಾಯುದ್ಧದ ಕಾಲದಲ್ಲಿ ಜರ್ಮನರೆಂಬ ಕಾರಣಕ್ಕೆ ಕ್ರುಂಬಿಗಲ್ಲರು ಬಂಧನವನ್ನೂ ಅನುಭವಿಸಿದರು. ಆದರೂ ಈ ನೆಲವನ್ನು ತೊರೆಯಲಿಲ್ಲ. 1932ರಲ್ಲಿ ನಿವೃತ್ತರಾದ ಮೇಲೂ ಬೆಂಗಳೂರಿನಲ್ಲಿಯೇ ನೆಲೆಸಿ, 1956ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಪರದೇಶದಲ್ಲಿ ಹುಟ್ಟಿದವರು ನಮ್ಮ ಮಣ್ಣನ್ನೂ ಹವೆಯನ್ನೂ ಅಷ್ಟು ಅಕ್ಕರೆಯಿಂದ ಅರಿತರು. ಈ ಮಣ್ಣಿನಲ್ಲಿಯೇ ಹುಟ್ಟಿದ ನಾವು ಅದನ್ನು ಅರಿಯದೆ ಉಳಿಯುವುದು ತರವಲ್ಲ.