ನವಿಲುಗರಿಯನ್ನು ಒದ್ದೆ ಮಾಡಿ ನೋಡಿದ ರಾಬರ್ಟ್ ಹುಕ್

ಚಿಟ್ಟೆಯ ರೆಕ್ಕೆ ಮುಟ್ಟಿದಾಗ ಬೆರಳಿಗೆ ಅಂಟುವುದು ಬರೀ ಪುಡಿಯಲ್ಲ; ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಜೋಡಿಸಿದ ಸೂಕ್ಷ್ಮ ಹುರುಪೆಗಳು. ದಕ್ಷಿಣ ಅಮೆರಿಕದ ಮಾರ್ಫೋ ಚಿಟ್ಟೆಯ ಹುರುಪೆಗಳು ನೀಲಿಯಾಗಿ ಹೊಳೆಯುತ್ತವೆ. ಆದರೆ ಅವುಗಳಲ್ಲಿ ನೀಲಿ ಬಣ್ಣದ ವಸ್ತುವೇ ಇಲ್ಲ! ಇಂತಹ ಬಣ್ಣದ ಗುಟ್ಟನ್ನು ಮೊದಲು ಕೆದಕಿದವರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಪ್ರಮುಖರು. ಅವರು ಪರೀಕ್ಷಿಸಿದ್ದು ನವಿಲುಗರಿಯನ್ನು.

ಹುಕ್ ಹುಟ್ಟಿದ್ದು 1635ರಲ್ಲಿ, ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬಲ್ಲಿ. ತಂದೆ ಅಲ್ಲಿನ ಆಂಗ್ಲಿಕನ್ ಇಗರ್ಜಿಯ ಸಹಾಯಕ ಗುರುಗಳು. ಹದಿಮೂರರ ಹರೆಯದಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗ ಲಂಡನ್ ಸೇರಿ, ಚಿತ್ರಕಾರ ಪೀಟರ್ ಲೀಲಿಯವರ ಬಳಿ ಕೆಲ ಕಾಲವಿದ್ದು, ಬಳಿಕ ವೆಸ್ಟ್‌ಮಿನ್‌ಸ್ಟರ್ ಶಾಲೆ, ಆಕ್ಸ್‌ಫರ್ಡ್ ಎಂದು ಮುಂದುವರಿದರು. 1662ರಲ್ಲಿ ರಾಯಲ್ ಸೊಸೈಟಿಯ ಪ್ರಯೋಗಗಳ ಹೊಣೆ ಅವರ ಹೆಗಲೇರಿತು.

1665ರಲ್ಲಿ ಹೊರಬಂದ ಅವರ 'ಮೈಕ್ರೋಗ್ರಾಫಿಯಾ' ಗ್ರಂಥದ ಚಿಗಟದ ಚಿತ್ರ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಹಿಡಿಸಿದ್ದು ನವಿಲುಗರಿಯ ಭಾಗ. ಗರಿಯ ಎಳೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟ ಹುಕ್, ಅದನ್ನು ನೀರಿನಲ್ಲಿ ತೋಯಿಸಿದರು. ಹೊಳಪು ಮಾಯವಾಯಿತು. ಬಣ್ಣದ ವಸ್ತುವಿದ್ದಿದ್ದರೆ ನೀರಿಗೆ ಹೀಗೆ ಅಡಗುತ್ತಿತ್ತೇ? ತೆಳು ಪದರಗಳಲ್ಲಿ ಬೆಳಕು ಪ್ರತಿಫಲಿಸುವುದರಿಂದಲೇ ಈ ಬಣ್ಣ ಎಂದು ಅವರು ತರ್ಕಿಸಿದರು. ಸಾಬೂನಿನ ಗುಳ್ಳೆಯಲ್ಲೂ ಅಭ್ರಕದ ಹಾಳೆಯಲ್ಲೂ ಅವರು ಇದೇ ಬಗೆಯ ಬಣ್ಣ ಕಂಡಿದ್ದರು.

ಬೆಳಕಿನ ಬಗ್ಗೆ ಅವರ ಸಿದ್ಧಾಂತವೆಲ್ಲ ಸರಿಯಿರಲಿಲ್ಲ ಎಂಬುದನ್ನೂ ಹೇಳಬೇಕು. ಕೆಂಪು, ನೀಲಿ ಎರಡೇ ಮೂಲ ಬಣ್ಣಗಳೆಂದು ನಂಬಿದ್ದರು. 1672ರಲ್ಲಿ ಇದೇ ವಿಷಯವಾಗಿ ನ್ಯೂಟನ್ ಜತೆ ಜಗಳ ಹತ್ತಿತು; ಅದು ಕೊನೆಗೂ ಆರಲಿಲ್ಲ. 1666ರ ಬೆಂಕಿಯಲ್ಲಿ ಬೆಂದ ಲಂಡನ್ನಿನ ಮರುನಿರ್ಮಾಣಕ್ಕೆ ಅಳತೆಗಾರರಾಗಿ ದುಡಿದ ಹುಕ್, ಕಡೆಗಾಲದಲ್ಲಿ ದೃಷ್ಟಿ ಮಂಜಾಗಿ 1703ರ ಮಾರ್ಚ್‌ನಲ್ಲಿ ತೀರಿಕೊಂಡರು. ಅದೇ ವರ್ಷ ನ್ಯೂಟನ್ ಸೊಸೈಟಿಯ ಅಧ್ಯಕ್ಷರಾದರು. ಮರುವರ್ಷ ಅವರ 'ಆಪ್ಟಿಕ್ಸ್' ಪ್ರಕಟವಾಯಿತು. ತೆಳು ಪದರದ ಬಣ್ಣದುಂಗುರಗಳನ್ನು ಮೊದಲೇ ವಿವರಿಸಿದ್ದು ಹುಕ್. ಇಂದು ಅವುಗಳ ಹೆಸರು ನ್ಯೂಟನ್ ಉಂಗುರಗಳು. ಹುಕ್‌ರದ್ದೇ ಎಂದು ಖಚಿತವಾಗಿ ಹೇಳಬಲ್ಲ ಒಂದು ಭಾವಚಿತ್ರವೂ ಉಳಿದಿಲ್ಲ.

ಮಾರ್ಫೋ ಹುರುಪೆಯ ಒಳರಚನೆ ಕಣ್ಣಿಗೆ ಬಿದ್ದದ್ದು 1942ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ: ಸಾಲು ಸಾಲು ಏಣುಗಳು, ಪ್ರತಿ ಏಣಿನಲ್ಲೂ ಕೈಟಿನ್ ಎಂಬ ವಸ್ತುವಿನ ತೆಳು ಹಲಗೆಗಳು, ನಡುವೆ ಗಾಳಿ. ಆ ಗಾಳಿಯ ಜಾಗಕ್ಕೆ ಒಂದು ಹನಿ ಮದ್ಯಸಾರ ಇಳಿದರೆ ನೀಲಿ ಹಸಿರಾಗುತ್ತದೆ. ಹನಿ ಆರಿದೊಡನೆ ನೀಲಿ ಮರಳುತ್ತದೆ.