ದೋಣಿಗೆ ಕವಚ ಹೊದಿಸಿದವನ ತಲೆಗೆ ಹೆಲ್ಮೆಟ್ ಇರಲಿಲ್ಲ

ಹೋದ ತಿಂಗಳು ಮಗನ ಜೊತೆ ರೈಡಿಂಗ್ ಜಾಕೆಟ್ ಕೊಳ್ಳಲು ಹೋಗಿದ್ದೆ. ಅವನು ಕೆಲಸಕ್ಕೆ ಸೇರಿ ಒಂದು ವರ್ಷವಾಯಿತು. ಉಳಿಸಿದ ದುಡ್ಡಲ್ಲಿ ಬೈಕ್ ತಗೊಂಡಿದ್ದಾನೆ, ಗೆಳೆಯರ ಜೊತೆ ಸಕಲೇಶಪುರ, ಆಗುಂಬೆ ಅಂತ ಸುತ್ತುವ ಆಸೆ. ಅಂಗಡಿಯ ಹುಡುಗ ಒಂದು ಜಾಕೆಟ್ ತೆಗೆದು ಒಳಗಿನ ಜಿಪ್ ಬಿಚ್ಚಿ ತೋರಿಸಿದ. ಭುಜಕ್ಕೂ ಮೊಣಕೈಗೂ ಸಿಇ ಗುರುತಿನ ಕವಚ ಇತ್ತು. ಬೆನ್ನಿನ ಜಾಗದಲ್ಲಿ ಇದ್ದದ್ದು ಬರೀ ಸ್ಪಂಜು. ಬೆನ್ನಿಗೂ ನಿಜವಾದ ಕವಚ ಬೇಕೆಂದರೆ ಅದನ್ನು ಬೇರೆ ಕೊಳ್ಳಬೇಕು. ಬಹಳಷ್ಟು ಜಾಕೆಟ್‌ಗಳ ಕತೆ ಇದೇ. ಮುಟ್ಟಿ ನೋಡದೆ ಕೊಂಡರೆ ಗೊತ್ತಾಗುವುದೇ ಇಲ್ಲ.

ಈ ಕವಚಗಳಲ್ಲಿ ಲೆವೆಲ್ 1, ಲೆವೆಲ್ 2 ಎಂದು ಎರಡು ದರ್ಜೆಗಳಿವೆ. ಯುರೋಪಿನ ಪರೀಕ್ಷೆಯಲ್ಲಿ 5 ಕಿಲೋ ತೂಕದ ಗುಂಡನ್ನು ಸುಮಾರು ಒಂದು ಮೀಟರ್ ಎತ್ತರದಿಂದ ಕವಚದ ಮೇಲೆ ಬೀಳಿಸಿ, ಅದರ ಕೆಳಗೆ ಎಷ್ಟು ಬಲ ದಾಟಿತು ಎಂದು ಅಳೆಯುತ್ತಾರೆ. ಭುಜ, ಮೊಣಕೈ, ಮೊಣಕಾಲಿನ ಕವಚವಾದರೆ ಸರಾಸರಿ 35 ಕಿಲೋನ್ಯೂಟನ್ ಒಳಗಿದ್ದರೆ ಲೆವೆಲ್ 1, 20ರ ಒಳಗಿದ್ದರೆ ಲೆವೆಲ್ 2. ಬೆನ್ನಿಗೆ ಲೆಕ್ಕ ಇನ್ನೂ ಬಿಗಿ: 18 ಮತ್ತು 9. ಸ್ಪಂಜಿಗೆ ಇಂಥ ಯಾವ ಲೆಕ್ಕವೂ ಇಲ್ಲ.

ಇದನ್ನೆಲ್ಲ ಕೇಳಿದ ಮಗ ಅಲ್ಲೇ ಬಜೆಟ್ ಮಾಡಿಬಿಟ್ಟ. ಬೆನ್ನಿಗೆ ಲೆವೆಲ್ 2 ಕವಚ ತಗೊಳ್ಳೋದು, ಹೆಲ್ಮೆಟ್ ಹಳೆಯದೇ ಇರಲಿ ಅಂದ. ಆ ಹೆಲ್ಮೆಟ್ ಕಾಲೇಜಿನ ದಿನಗಳದ್ದು. ಪೆಟ್ರೋಲ್ ಟ್ಯಾಂಕಿನ ಮೇಲಿಂದ ಎಷ್ಟು ಸಲ ಕೆಳಗೆ ಬಿದ್ದಿದೆಯೋ ಅವನಿಗೇ ನೆನಪಿಲ್ಲ. ನಾನು ಬೇಡ ಅಂದೆ. ಮಾತಿಗೆ ಮಾತು ಬೆಳೆದು, ಏನೂ ಕೊಳ್ಳದೆ ವಾಪಸ್ ಬಂದೆವು. ಅವತ್ತು ರಾತ್ರಿ ಊಟಕ್ಕೆ ಕೂತಾಗ ನಾನು ಅವನಿಗೆ ಟಿ.ಇ. ಲಾರೆನ್ಸನ ಕತೆ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಲಾರೆನ್ಸ್ ಆಫ್ ಅರೇಬಿಯಾ ಸಿನಿಮಾ ನೋಡಿದವರಿಗೆ ಮೊದಲ ದೃಶ್ಯ ನೆನಪಿರಬಹುದು. 1962ರ ಆ ಚಿತ್ರ ಶುರುವಾಗುವುದು ಮರಳುಗಾಡಿನಲ್ಲಲ್ಲ, ಇಂಗ್ಲೆಂಡಿನ ಹಳ್ಳಿದಾರಿಯಲ್ಲಿ, ಒಂದು ಮೋಟರ್‌ಸೈಕಲ್ ಅಪಘಾತದಿಂದ.

ಲಾರೆನ್ಸ್ ಹುಟ್ಟಿದ್ದು 1888ರ ಆಗಸ್ಟ್ 16ರಂದು, ವೇಲ್ಸ್‌ನ ಟ್ರೆಮಾಡಾಗ್ ಎಂಬ ಊರಲ್ಲಿ. ಅಪ್ಪ ಐರ್ಲೆಂಡಿನ ಜಮೀನ್ದಾರ. ಹೆಂಡತಿ, ನಾಲ್ಕು ಹೆಣ್ಣುಮಕ್ಕಳನ್ನು ಬಿಟ್ಟು, ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಹೆಣ್ಣಿನ ಜೊತೆ ಹೆಸರು ಬದಲಿಸಿಕೊಂಡು ಬದುಕಿದವನು. ಹಾಗಾಗಿ ಲಾರೆನ್ಸ್ ಎಂಬ ಹೆಸರೇ ಅವರದ್ದಲ್ಲ. ಐದು ಗಂಡುಮಕ್ಕಳಲ್ಲಿ ಇವನು ಎರಡನೆಯವನು. ಬೆಳೆದದ್ದು, ಓದಿದ್ದು ಆಕ್ಸ್‌ಫರ್ಡ್‌ನಲ್ಲಿ. ಧರ್ಮಯುದ್ಧಗಳ ಕಾಲದ ಕೋಟೆಗಳ ಮೇಲೆ ಪ್ರಬಂಧ ಬರೆಯಲು 1909ರಲ್ಲಿ ಸಿರಿಯಾ ಪ್ರಾಂತ್ಯದ ಉದ್ದಗಲಕ್ಕೂ ನಡೆದೇ ಸುತ್ತಿದ. ಆಮೇಲೆ ಕಾರ್ಕೆಮಿಶ್‌ನ ಉತ್ಖನನದಲ್ಲಿ ಕೆಲಸ ಮಾಡುತ್ತ ಅರಬ್ಬಿ ಭಾಷೆಯನ್ನೂ ಅಲ್ಲಿನ ಜನರನ್ನೂ ಹತ್ತಿರದಿಂದ ಅರಿತುಕೊಂಡ.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷರಿಗೆ ಇಂಥವನೇ ಬೇಕಿತ್ತು. ಕೈರೋದ ಗುಪ್ತಚರ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದ ಕುಳ್ಳ ದೇಹದ ಈ ಅಧಿಕಾರಿ, 1916ರ ಕೊನೆಗೆ ಒಟ್ಟೋಮನ್ ತುರ್ಕರ ವಿರುದ್ಧ ದಂಗೆ ಎದ್ದಿದ್ದ ಅರಬ್ಬರ ಜೊತೆ ಸೇರಿದ. 1917ರ ಜುಲೈನಲ್ಲಿ ಅಕಾಬಾ ಬಂದರು ಅವರ ಕೈಗೆ ಬಂತು. ಹಿಜಾಜ್ ರೈಲು ಹಳಿಗಳನ್ನು ಸ್ಫೋಟಿಸುವುದು, ಒಂಟೆ ಪಡೆಯ ಜೊತೆ ಉಕ್ಕಿನ ಹೊದಿಕೆಯ ರೋಲ್ಸ್ ರಾಯ್ಸ್ ಕಾರುಗಳಲ್ಲಿ ದಾಳಿ ಮಾಡುವುದು, ಕೊನೆಗೆ 1918ರ ಅಕ್ಟೋಬರ್‌ನಲ್ಲಿ ಡಮಾಸ್ಕಸ್. ಇಬ್ಬರು ಸಹೋದರರು ಅಷ್ಟರಲ್ಲಿ ಫ್ರಾನ್ಸ್‌ನ ಯುದ್ಧದಲ್ಲಿ ಸತ್ತಿದ್ದರು.

ಅವನನ್ನು ವೀರ ಎಂದು ಮೆರೆಸುವ ಅಗತ್ಯ ನಮಗಿಲ್ಲ. ಸಾಮ್ರಾಜ್ಯದ ಕೆಲಸಕ್ಕೆ ಹೋದವನು ಅವನು. ಅರಬ್ಬರಿಗೆ ಸ್ವಾತಂತ್ರ್ಯದ ಭರವಸೆ ಕೊಟ್ಟ ಬ್ರಿಟನ್ನು, ಅದೇ ಹೊತ್ತಿಗೆ ಫ್ರಾನ್ಸ್ ಜೊತೆ ಕೂತು ಆ ನೆಲವನ್ನು ಹಂಚಿಕೊಂಡಿತ್ತು. ಲಾರೆನ್ಸನಿಗೆ ಇದು ಯುದ್ಧದ ನಡುವೆಯೇ ಗೊತ್ತಿತ್ತು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನದಲ್ಲಿ ಫೈಸಲ್ ಪರವಾಗಿ ಓಡಾಡಿದರೂ ಫಲ ಸಿಗಲಿಲ್ಲ. ಅದೇ ವರ್ಷ ರೋಮ್ ಬಳಿ ಅವನಿದ್ದ ವಿಮಾನ ಅಪ್ಪಳಿಸಿತು. ಪೈಲಟ್‌ಗಳು ಸತ್ತರು, ಇವನು ಪಕ್ಕೆಲುಬು ಮುರಿದುಕೊಂಡು ಬದುಕಿದ.

1922ರಲ್ಲಿ ಅವನು ವಿಚಿತ್ರವಾದ ಒಂದು ಕೆಲಸ ಮಾಡಿದ. ಕರ್ನಲ್ ಆಗಿದ್ದವನು, ಜಗತ್ತೇ ಬಲ್ಲವನು, ಜಾನ್ ಹ್ಯೂಮ್ ರಾಸ್ ಎಂಬ ಸುಳ್ಳು ಹೆಸರಿನಲ್ಲಿ ವಾಯುಪಡೆಗೆ ಸಾಮಾನ್ಯ ಸಿಪಾಯಿಯಾಗಿ ಸೇರಿದ. ಪತ್ರಿಕೆಗಳು ಪತ್ತೆ ಹಚ್ಚಿದ ಮೇಲೆ ಹೊರಬೀಳಬೇಕಾಯಿತು. 1923ರಲ್ಲಿ ಷಾ ಎಂಬ ಹೆಸರಿನಲ್ಲಿ ಟ್ಯಾಂಕ್ ಪಡೆ ಸೇರಿ ಡಾರ್ಸೆಟ್‌ನ ಬೋವಿಂಗ್ಟನ್ ಶಿಬಿರಕ್ಕೆ ಹೋದ. ಅಲ್ಲೇ ಹತ್ತಿರ ಕ್ಲೌಡ್ಸ್ ಹಿಲ್ ಎಂಬ ಪುಟ್ಟ ಮನೆ ಹಿಡಿದ. 1925ರಲ್ಲಿ ಮತ್ತೆ ವಾಯುಪಡೆ. 1927ರ ಹೊತ್ತಿಗೆ ಅವನನ್ನು ನಮ್ಮ ಉಪಖಂಡಕ್ಕೇ ಕಳಿಸಿದರು. ಮೊದಲು ಕರಾಚಿ, 1928ರಲ್ಲಿ ಅಫ್ಘನ್ ಗಡಿಯ ಮಿರಾನ್‌ಷಾ. ಅಲ್ಲಿ ಕೂತು ಹೋಮರನ ಒಡಿಸ್ಸಿಯನ್ನು ಅನುವಾದ ಮಾಡುತ್ತಿದ್ದ. ಅಫ್ಘಾನಿಸ್ತಾನದಲ್ಲಿ ದಂಗೆ ಎದ್ದಾಗ ಅದರ ಹಿಂದೆ ಇವನದ್ದೇ ಕೈವಾಡ ಎಂದು ಪತ್ರಿಕೆಗಳು ಬರೆದವು. ಗಾಬರಿಯಾದ ಸರ್ಕಾರ 1929ರ ಜನವರಿಯಲ್ಲಿ ಅವನನ್ನು ಇಂಗ್ಲೆಂಡಿಗೆ ವಾಪಸ್ ಸಾಗಿಸಿತು.

ವಾಪಸ್ ಬಂದವನಿಗೆ ಬರ್ನಾರ್ಡ್ ಷಾ ದಂಪತಿ ಸೇರಿದಂತೆ ಕೆಲ ಸ್ನೇಹಿತರು ಒಂದು ಹೊಸ ಬ್ರಫ್ ಸುಪೀರಿಯರ್ ಬೈಕ್ ಕೊಡಿಸಿದ್ದರು. ನಾಟಿಂಗ್‌ಹ್ಯಾಮ್‌ನ ಜಾರ್ಜ್ ಬ್ರಫ್ ಕಟ್ಟುತ್ತಿದ್ದ ಈ ಬೈಕುಗಳ ಎಸ್‌ಎಸ್100 ಮಾದರಿಗೆ ಗಂಟೆಗೆ 100 ಮೈಲಿ, ಅಂದರೆ 160 ಕಿ.ಮೀ. ವೇಗದ ಗ್ಯಾರಂಟಿ ಇತ್ತು. ಲಾರೆನ್ಸ್ ಒಂದಾದ ಮೇಲೊಂದರಂತೆ ಏಳು ಬ್ರಫ್‌ಗಳನ್ನು ಓಡಿಸಿದ. ಬೈಬಲ್ಲಿನಿಂದ ಎತ್ತಿಕೊಂಡ ಬೋವನರ್ಜಿಸ್ ಎಂಬ ಹೆಸರನ್ನು ತನ್ನ ಬೈಕಿಗಿಟ್ಟ. ಗುಡುಗಿನ ಮಕ್ಕಳು ಎಂದು ಅದರ ಅರ್ಥ. ಎಂಟನೆಯದು ತಯಾರಾಗುತ್ತಿದ್ದಾಗಲೇ ಅವನು ಸತ್ತ.

ನನ್ನನ್ನು ಕಾಡುವುದು ಅವನ ಕೊನೆಯ ವರ್ಷಗಳ ನೌಕರಿ. 1931ರಲ್ಲಿ ಪ್ಲಿಮತ್ ಬಳಿ ಒಂದು ಹಾರುದೋಣಿ ಸಮುದ್ರಕ್ಕೆ ಬಿದ್ದಾಗ ಲಾರೆನ್ಸ್ ಅಲ್ಲೇ ಇದ್ದ, ರಕ್ಷಣೆಗೆ ಇಳಿದ. ನಿಧಾನದ ದೋಣಿಗಳಿಂದ ಜೀವ ಉಳಿಸಲಾಗದು ಎಂಬುದು ಅವನಿಗೆ ಮನವರಿಕೆಯಾಗಿತ್ತು. ಮುಂದಿನ ವರ್ಷಗಳಲ್ಲಿ ವಾಯುಪಡೆಗಾಗಿ ವೇಗದ ದೋಣಿಗಳನ್ನು ರೂಪಿಸುವ, ಓಡಿಸಿ ಪರೀಕ್ಷಿಸುವ ಕೆಲಸದಲ್ಲಿ ಮುಳುಗಿದ. ಕೊನೆಯ ಕೆಲಸ ಬ್ರಿಡ್ಲಿಂಗ್ಟನ್‌ನಲ್ಲಿ. ವಿಮಾನಗಳು ಬಾಂಬ್ ಹಾಕುವ ಅಭ್ಯಾಸ ಮಾಡಲು ಗುರಿಯಾಗುವ ದೋಣಿಗಳು ಅಲ್ಲಿದ್ದವು. ಒಳಗಿರುವ ನಾವಿಕರಿಗೆ ಪೆಟ್ಟಾಗದಂತೆ ಅವಕ್ಕೆ ಉಕ್ಕಿನ ಕವಚ ಹೊದಿಸಿರುತ್ತಿದ್ದರು. ಆ ದೋಣಿಗಳ ದುರಸ್ತಿ ಇವನ ಹೊಣೆ. ಬೇರೆಯವರ ತಲೆ ಕಾಯುವ ಕವಚದ ವಿಷಯ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಅದೇ ದಿನಗಳಲ್ಲಿ ಅವನು ತಲೆಗೆ ಏನೂ ಗಟ್ಟಿಯಾದದ್ದಿಲ್ಲದೆ ಬ್ರಫ್ ಓಡಿಸುತ್ತಿದ್ದ.

ಆಗ ಹೆಲ್ಮೆಟ್ಟೇ ಇರಲಿಲ್ಲವಲ್ಲ ಎಂದು ಮಗ ಕೇಳಿದ. ಇತ್ತು. ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ 1914ರಲ್ಲೇ ಹೆಲ್ಮೆಟ್ ಕಡ್ಡಾಯವಾಗಿತ್ತು. ಕ್ಯಾನ್ವಾಸಿಗೆ ಅರಗು ಬಳಿದು ಗಟ್ಟಿ ಮಾಡಿದ ಟೊಪ್ಪಿಗಳವು. ಆದರೆ ಅದು ರೇಸ್ ಓಡಿಸುವವರಿಗೆ ಎಂಬುದು ಎಲ್ಲರ ನಂಬಿಕೆ. ಮನೆಯಿಂದ ಅಂಚೆ ಕಚೇರಿಗೆ ಹೋಗಿಬರುವವನಿಗೆ ಯಾಕೆ?

ಲಾರೆನ್ಸ್ ಹೋಗಿದ್ದೂ ಅಂಚೆ ಕಚೇರಿಗೇ. 1935ರ ಫೆಬ್ರವರಿಯಲ್ಲಿ ನೌಕರಿ ಮುಗಿಸಿ ಕ್ಲೌಡ್ಸ್ ಹಿಲ್‌ಗೆ ಮರಳಿದ್ದ. ಮೇ 13ರಂದು ಬೋವಿಂಗ್ಟನ್‌ಗೆ ಹೋಗಿ ಒಂದು ಟೆಲಿಗ್ರಾಂ ಕಳಿಸಿ ವಾಪಸ್ ಬರುತ್ತಿದ್ದ. ಮನೆ ಹತ್ತಿರ ರಸ್ತೆ ತಗ್ಗಿಗೆ ಇಳಿಯುವ ಕಡೆ ಇಬ್ಬರು ಹುಡುಗರು ಸೈಕಲ್ ಮೇಲೆ ಬರುತ್ತಿದ್ದರು. ತಗ್ಗಿನಿಂದಾಗಿ ಕೊನೆ ಗಳಿಗೆವರೆಗೂ ಕಾಣಲಿಲ್ಲ. ಅವರನ್ನು ತಪ್ಪಿಸಲು ತಿರುಗಿಸಿದ, ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ. ವೇಗ ಎಷ್ಟಿತ್ತು ಎಂಬ ಚರ್ಚೆ ಇವತ್ತಿಗೂ ನಿಂತಿಲ್ಲ. ಆದರೆ ಬೈಕ್ ಎರಡನೇ ಗೇರಿನಲ್ಲಿ ಸಿಕ್ಕಿತ್ತು. ಆ ಗೇರಿನಲ್ಲಿ ಅದು ಓಡುತ್ತಿದ್ದದ್ದು ಗಂಟೆಗೆ 60 ಕಿ.ಮೀ. ಆಸುಪಾಸು. ನಮ್ಮ ರಿಂಗ್ ರೋಡಿನಲ್ಲಿ ಸ್ಕೂಟರ್ ಓಡುವ ವೇಗ.

ಆರು ದಿನ ಪ್ರಜ್ಞೆ ಇಲ್ಲದೆ ಮಲಗಿದ್ದು, ಮೇ 19ರಂದು ಸತ್ತ. ವಯಸ್ಸು 46. ಮೋರ್ಟನ್ ಹಳ್ಳಿಯ ಅಂತ್ಯಕ್ರಿಯೆಗೆ ಚರ್ಚಿಲ್ ಕೂಡ ಬಂದಿದ್ದರು. ಪೆಟ್ಟು ಬಿದ್ದದ್ದು ಮುಖ್ಯವಾಗಿ ತಲೆಗೆ.

ಆ ಆರು ದಿನಗಳಲ್ಲಿ ಅವನನ್ನು ನೋಡಲು ಕರೆಸಿದ್ದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಒಬ್ಬರು. ಆಸ್ಟ್ರೇಲಿಯಾದವರು, ಅಮೆರಿಕದ ಹಾರ್ವೆ ಕುಶಿಂಗ್ ಬಳಿ ಮಿದುಳಿನ ಶಸ್ತ್ರಚಿಕಿತ್ಸೆ ಕಲಿತವರು. ಲಾರೆನ್ಸನ ಸಾವಿನಿಂದ ಹೆಲ್ಮೆಟ್ ಕಾನೂನು ಹುಟ್ಟಿತು ಎಂದು ಒಂದೇ ಸಾಲಿನಲ್ಲಿ ಮುಗಿಸುವ ಕತೆ ತುಂಬ ಓಡಾಡುತ್ತದೆ. ಅದು ಅಷ್ಟು ಸರಳ ಅಲ್ಲ. ನಡುವೆ ಆರು ವರ್ಷಗಳಿವೆ, ಒಂದು ಮಹಾಯುದ್ಧವಿದೆ, ಹೆಸರಿಲ್ಲದ ಸಾವಿರಾರು ಸವಾರರಿದ್ದಾರೆ.

ಯುದ್ಧ ಶುರುವಾದ ಮೇಲೆ ಸೇನೆಯ ಸಂದೇಶವಾಹಕರು ಕತ್ತಲ ರಸ್ತೆಗಳಲ್ಲಿ ಬೈಕ್ ಓಡಿಸಿ ಸಾಯತೊಡಗಿದರು. ಆಕ್ಸ್‌ಫರ್ಡ್‌ನಲ್ಲಿ ತಲೆಗಾಯದ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಕೇರ್ನ್ಸ್ ಲೆಕ್ಕ ಹಾಕಲು ಕೂತರು. ಬ್ರಿಟನ್ನಿನಲ್ಲಿ ಯುದ್ಧದ ಮೊದಲ 21 ತಿಂಗಳಲ್ಲಿ ಸತ್ತ ಬೈಕ್ ಸವಾರರು ಮತ್ತು ಹಿಂಬದಿ ಸವಾರರು 2,279. ಅದರ ಹಿಂದಿನ 21 ತಿಂಗಳಲ್ಲಿ 1,884. ಬಹುಪಾಲು ಸಾವಿಗೆ ತಲೆಯ ಪೆಟ್ಟೇ ಕಾರಣ. ಹೆಲ್ಮೆಟ್ ಹಾಕಿಕೊಂಡು ಬಿದ್ದವರು ಅವರಿಗೆ ಸಿಕ್ಕಿದ್ದು ಬರೀ 7 ಮಂದಿ. ಏಳೂ ಜನ ಬದುಕಿದ್ದರು. ಈ ವರದಿ 1941ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ನವೆಂಬರ್‌ನಲ್ಲಿ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಕೇರ್ನ್ಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಭೌತವಿಜ್ಞಾನಿ ಹೋಲ್ಬರ್ನ್ ಜೊತೆ ಸೇರಿ, ಹೆಲ್ಮೆಟ್ ಹಾಕಿಕೊಂಡು ಬಿದ್ದವರ 106 ಪ್ರಕರಣಗಳನ್ನು 1943ರಲ್ಲಿ ಪರಿಶೀಲಿಸಿದರು. ಹೋಲ್ಬರ್ನ್ ಜೆಲಾಟಿನ್‌ನಿಂದ ಮಿದುಳಿನ ಮಾದರಿ ಮಾಡಿ, ತಲೆ ಗಕ್ಕನೆ ತಿರುಗಿದಾಗ ಒಳಗೆ ಏನಾಗುತ್ತದೆ ಎಂದು ನೋಡಿದವರು. ಕೇರ್ನ್ಸ್ 1952ರಲ್ಲಿ, 56ನೇ ವಯಸ್ಸಿಗೆ ತೀರಿಹೋದರು. ಬ್ರಿಟನ್ನಿನ ಎಲ್ಲ ಸವಾರರಿಗೂ ಹೆಲ್ಮೆಟ್ ಕಡ್ಡಾಯವಾಗಿದ್ದು 1973ರಲ್ಲಿ. ಅದನ್ನು ನೋಡಲು ಅವರಿರಲಿಲ್ಲ.

ನಮ್ಮ ವಿಷಯಕ್ಕೆ ಬರೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ದಿನಕ್ಕೆ 137 ಜನ. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ 2016ರ ಜನವರಿಯಿಂದ ಹೆಲ್ಮೆಟ್ ಕಡ್ಡಾಯ. ಆದರೂ ಸಿಗ್ನಲ್ಲಿನಲ್ಲಿ ನಿಂತು ನೋಡಿ. ಅರ್ಧ ತಲೆ ಮುಚ್ಚುವ ಪ್ಲಾಸ್ಟಿಕ್ ಟೊಪ್ಪಿ, ಬಿಚ್ಚಿಕೊಂಡೇ ಇರುವ ಪಟ್ಟಿ, ಮೊಣಕೈಗೆ ನೇತುಹಾಕಿದ ಹೆಲ್ಮೆಟ್. ನಾವು ಹಾಕಿಕೊಳ್ಳುವುದು ದಂಡ ತಪ್ಪಿಸಿಕೊಳ್ಳಲು, ತಲೆ ಉಳಿಸಿಕೊಳ್ಳಲು ಅಲ್ಲ. ಪೊಲೀಸರೂ ನೋಡುವುದು ತಲೆ ಮೇಲೆ ಏನೋ ಒಂದು ಇದೆಯಾ ಎಂದಷ್ಟೇ. ಬಿದ್ದವನ ತಲೆಯಲ್ಲಿ ಹೆಲ್ಮೆಟ್ ಇತ್ತೋ ಇಲ್ಲವೋ ಎಂಬುದರ ಜೊತೆಗೆ, ಅದು ಎಂಥದ್ದು, ಪಟ್ಟಿ ಬಿಗಿದಿತ್ತೇ, ಪೂರ್ತಿ ಮುಖ ಮುಚ್ಚುತ್ತಿತ್ತೇ ಎಂಬುದೂ ಜಿಲ್ಲಾವಾರು ಲೆಕ್ಕವಾಗಿ ಜನರ ಮುಂದೆ ಬರಬೇಕು. ಕೇರ್ನ್ಸ್ ಮಾಡಿದ್ದು ಅದನ್ನೇ. ಖ್ಯಾತನೊಬ್ಬನ ಸಾವಿಗೆ ಜನ ಮರುಗಿದರು, ನಿಯಮ ಬದಲಾದದ್ದು ಮಾತ್ರ ಹೆಸರಿಲ್ಲದವರನ್ನು ಎಣಿಸಿದ ಮೇಲೆ.

ಕವಚ ಬೇಡ ಅಂತ ನಾನು ಹೇಳುತ್ತಿಲ್ಲ. ಮೊಣಕೈ, ಮೊಣಕಾಲು, ಸೊಂಟ, ಬೆನ್ನು ಎಲ್ಲಕ್ಕೂ ಬೇಕು. ಕೊಳ್ಳುವಾಗ ಕೈ ಮಡಚಿ, ಬೈಕ್ ಮೇಲೆ ಕೂತ ಭಂಗಿಯಲ್ಲಿ ನೋಡಿ. ಕವಚ ಜಾಗ ಬಿಟ್ಟು ಜಾರಿದರೆ ಲೆವೆಲ್ 2 ಇದ್ದರೂ ಪ್ರಯೋಜನವಿಲ್ಲ. ಸೆಕೆಗೆ ಬಿಚ್ಚಿಡುವಂಥ ದಪ್ಪ ಕವಚಕ್ಕಿಂತ, ದಿನಾ ಹಾಕಿಕೊಳ್ಳಬಲ್ಲ ಲೆವೆಲ್ 1 ಮೇಲು. ಆದರೆ ದುಡ್ಡು ಕಡಿಮೆ ಇದ್ದಾಗ ಸಾಲಿನಲ್ಲಿ ಮೊದಲು ತಲೆ, ಆಮೇಲೆ ಉಳಿದದ್ದು. ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲಿನಂಥ ಪದರ ಒಂದು ಪೆಟ್ಟಿಗೆ ಜಜ್ಜಿ, ಆ ಪೆಟ್ಟನ್ನು ತಾನು ನುಂಗುತ್ತದೆ. ಒಮ್ಮೆ ಜಜ್ಜಿದ ಮೇಲೆ ಅದರ ಕೆಲಸ ಮುಗಿಯಿತು, ಹೊರಗಿನ ಚಿಪ್ಪು ಎಷ್ಟೇ ಹೊಳೆಯುತ್ತಿರಲಿ.

ಮರುವಾರ ಮತ್ತೆ ಅಂಗಡಿಗೆ ಹೋದೆವು. ಐಎಸ್‌ಐ ಗುರುತಿನ, ಪೂರ್ತಿ ಮುಖ ಮುಚ್ಚುವ, ತಲೆಗೆ ಬಿಗಿಯಾಗಿ ಕೂರುವ ಹೆಲ್ಮೆಟ್ ತಗೊಂಡ. ಭುಜ, ಮೊಣಕೈಗೆ ಕವಚ ಇರುವ ಜಾಕೆಟ್ ಕೂಡ. ಬೆನ್ನಿನ ಕವಚ ಮುಂದಿನ ಸಂಬಳಕ್ಕೆ. ಅಲ್ಲಿಯವರೆಗೆ ಆಗುಂಬೆ ಬೇಡ ಎಂದು ಒಪ್ಪಿಸಿದ್ದೇನೆ.

ಮನೆಗೆ ಬಂದು ನನ್ನ ಸ್ಕೂಟರಿನ ಹೆಲ್ಮೆಟ್ ಬಿಚ್ಚಿ ನೋಡಿದೆ. ಒಳಗಿನ ಬಟ್ಟೆ ಸರಿಸಿದರೆ ಪದರದಲ್ಲಿ ಬೆರಳಗಲದ ಬಿರುಕು. ಯಾವಾಗ ಬಿತ್ತೋ ಗೊತ್ತಿಲ್ಲ. ಇಷ್ಟು ದಿನ ಅದನ್ನೇ ಹಾಕಿಕೊಂಡು ದಿನಾ ಆಫೀಸಿಗೆ ಹೋಗಿಬಂದಿದ್ದೇನೆ. ನಿಮ್ಮದನ್ನೂ ಇವತ್ತು ರಾತ್ರಿ ಒಮ್ಮೆ ಬಿಚ್ಚಿ ನೋಡಿ.